ಕಾರಿನ ಹಳೆ ವ್ಯಾಕ್ಸ್ ತೆಗೆಯುವ ಮುಂಚೆ, ಅದು ವ್ಯಾಕ್ಸೇ ಹೌದೋ ಅಲ್ಲವೋ ನೋಡಿಕೊಳ್ಳಿ

ಪ್ರಶ್ನೆ: ನನ್ನದು 2018ರ ಕಡುನೀಲಿ ಹ್ಯಾಚ್‌ಬ್ಯಾಕ್ ಕಾರು. ಮನೆ ವಿಜಯಪುರದಲ್ಲಿ, ವಾರಕ್ಕೆ ಐದು ದಿನ ಬಸವನ ಬಾಗೇವಾಡಿಗೆ ಹೋಗಿಬರುತ್ತೇನೆ. ಪ್ರತಿ ವರ್ಷ ಖಂಡೇಪೂಜೆಗೆ (ಆಯುಧಪೂಜೆಗೆ) ಮುಂಚೆ ಡಬ್ಬಿ ವ್ಯಾಕ್ಸ್ ತಂದು ನಾನೇ ಹಚ್ಚುತ್ತೇನೆ. ಹೀಗೆ ಆರು ವರ್ಷ ಆಯಿತು, ಹಳೆಯದನ್ನು ಒಮ್ಮೆಯೂ ತೆಗೆದಿಲ್ಲ. ಈಗ ಬಾನೆಟ್ ಮತ್ತು ಟಾಪ್ ಮೇಲೆ ಮಬ್ಬು ಕವಿದಂತಾಗಿದೆ, ಅಲ್ಲಲ್ಲಿ ದುಂಡನೆಯ ಬಿಳಿ ಕಲೆಗಳಿವೆ. ಲೋಗೋ ಸುತ್ತ, ಬಾಗಿಲ ಸಂದಿಯಲ್ಲಿ, ಕರಿ ಪ್ಲಾಸ್ಟಿಕ್ ಮೇಲೆ ಸುಣ್ಣ ಮೆತ್ತಿದ ಹಾಗೆ ಕಾಣುತ್ತದೆ. ವ್ಯಾಕ್ಸ್ ಪದರದ ಮೇಲೆ ಪದರ ಕೂತಿದೆ, ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಾಕಿ ಒರೆಸು ಅಂತ ಗೆಳೆಯರು ಹೇಳುತ್ತಾರೆ. ಪೇಂಟ್ ಅಂಗಡಿಯವರು ಥಿನ್ನರ್ ಕೊಟ್ಟಿದ್ದಾರೆ. ವಾಟರ್ ಸರ್ವಿಸಿಂಗ್‌ನವರು ಮಷಿನ್ ಬಫಿಂಗ್ (ಯಂತ್ರದಿಂದ ಉಜ್ಜಿ ಹೊಳಪು ಕೊಡುವುದು) ಆಗಲೇಬೇಕು ಅನ್ನುತ್ತಾರೆ. ಎಡಗಡೆ ಮುಂದಿನ ಬಾಗಿಲನ್ನು ಎರಡು ವರ್ಷದ ಹಿಂದೆ ಪೇಂಟ್ ಮಾಡಿಸಿದ್ದೇನೆ. ಬಣ್ಣ ಕೆಡದಂತೆ ಇದನ್ನೆಲ್ಲ ಹೇಗೆ ತೆಗೆಯಬೇಕು?

ಉತ್ತರ: ಮೊದಲು ಆ ಥಿನ್ನರ್ ಬಾಟಲಿಯ ಮುಚ್ಚಳ ಬಿಗಿಮಾಡಿ, ಕಾರಿನಿಂದ ದೂರ ಎತ್ತಿಡಿ. ಉಳಿದ ಯಾವುದಕ್ಕೂ ಅವಸರವಿಲ್ಲ. ನೀವು ಬರೆದಿರುವ ಲಕ್ಷಣಗಳಲ್ಲಿ ಬಣ್ಣಕ್ಕೆ ತಕ್ಷಣ ಅಪಾಯ ತರುವಂಥದ್ದು ಒಂದೂ ಇಲ್ಲ. ಇಂಥ ಕಾರುಗಳು ಹಾಳಾಗುವುದು ಕಲೆಯಿಂದಲ್ಲ, ಕಲೆ ತೆಗೆಯಲು ಹೋಗಿ.

ನಿಮ್ಮ ಚಿಂತೆಯ ಬೇರು ಆರು ವರ್ಷದ ವ್ಯಾಕ್ಸ್ ಒಂದರ ಮೇಲೊಂದು ಕೂತಿದೆ ಅನ್ನುವುದು. ವ್ಯಾಕ್ಸ್ ಹಾಗೆ ಕೂರುವುದಿಲ್ಲ. ಒಳ್ಳೆಯ ಡಬ್ಬಿ ವ್ಯಾಕ್ಸಿನಲ್ಲಿ ಇರುವುದು ಕಾರ್ನೌಬಾ, ಅಂದರೆ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಬರುವ ಮೇಣ. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಹಚ್ಚಲು ಬರುವಂತೆ ಮೆದು ಮಾಡಲು ಬೆರೆಸುವ ಎಣ್ಣೆ, ಬೇರೆ ಮೇಣಗಳು ಇನ್ನೂ ಬೇಗ ಮೆತ್ತಗಾಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ದಾಟಿದಾಗ ಕಡುನೀಲಿ ಬಾನೆಟ್ಟಿನ ತಗಡು 70ರ ಆಸುಪಾಸಿಗೆ ಹೋಗುತ್ತದೆ. ಆ ಕಾವಿಗೆ, ಧೂಳಿನ ಉಜ್ಜಾಟಕ್ಕೆ, ವಾರವಾರದ ತೊಳೆತಕ್ಕೆ ವ್ಯಾಕ್ಸ್ ಕೆಲವೇ ವಾರ ಬಾಳುತ್ತದೆ, ಹೆಚ್ಚೆಂದರೆ ಎರಡು ಮೂರು ತಿಂಗಳು. ಅಲ್ಲದೆ ಹೊಸ ವ್ಯಾಕ್ಸಿನಲ್ಲಿರುವ ದ್ರಾವಕವು ಅಡಿಯಲ್ಲಿ ಉಳಿದ ಹಳೆಯದನ್ನು ಕರಗಿಸಿ ತನ್ನೊಳಗೇ ಬೆರೆಸಿಕೊಳ್ಳುತ್ತದೆ, ನೀವು ಒರೆಸಿದಾಗ ಎರಡೂ ಬಟ್ಟೆಗೆ ಬರುತ್ತವೆ. ಹಾಗಾಗಿ 2019ರ ವ್ಯಾಕ್ಸ್ ನಿಮ್ಮ ಬಾನೆಟ್ ಮೇಲೆ ಇಲ್ಲ. ಕಳೆದ ಖಂಡೇಪೂಜೆಯದು ಬಾಗಿಲ ಕೆಳಭಾಗದಲ್ಲಿ ಸ್ವಲ್ಪ ಉಳಿದಿರಬಹುದು, ಅಷ್ಟೆ.

ಹಾಗಾದರೆ ಆ ಬಿಳಿ ಏನು? ಮೂರು ಬೇರೆ ಬೇರೆ ವಸ್ತುಗಳು ಒಂದೇ ಥರ ಕಾಣುತ್ತಿವೆ.

ಸಂದಿಯಲ್ಲಿ, ಲೋಗೋ ಸುತ್ತ, ಕರಿ ಪ್ಲಾಸ್ಟಿಕ್ ಮೇಲೆ ಇರುವುದು ಪಾಲಿಶ್ ಪುಡಿ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಡಬ್ಬಿಗಳು ಬರೀ ವ್ಯಾಕ್ಸ್ ಅಲ್ಲ. ‘ಹೊಳಪು ಬರಲಿ’ ಅಂತ ಅದರಲ್ಲಿ ಬಿಳಿ ಜೇಡಿ, ಅಲ್ಯುಮಿನಾದಂಥ ನುಣ್ಣನೆಯ ಉಜ್ಜುಪುಡಿ ಬೆರೆಸಿರುತ್ತಾರೆ. ದ್ರಾವಕ ಹಾರಿ, ಮೇಣ ಬಿಸಿಲಿಗೆ ಹೋದಮೇಲೆ ಉಳಿಯುವುದು ಆ ಪುಡಿ. ನಿಮ್ಮ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ನಿಜವಾಗಿ ಸೇರುತ್ತ ಬಂದದ್ದು ಇದೊಂದೇ, ಯಾಕೆಂದರೆ ಅಲ್ಲಿಗೆ ಬಟ್ಟೆ ಹೋಗಿಲ್ಲ.

ಬಾನೆಟ್, ಟಾಪ್ ಮೇಲಿನ ದುಂಡನೆಯ ಕಲೆಗಳು ಬೋರ್‌ವೆಲ್ ನೀರಿನವು. ನಮ್ಮ ಭಾಗದ ಬೋರ್ ನೀರು ಗಡಸು. ಹನಿ ಆರಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಳೆಯಂಥ ಗೆರೆ ಬಿಡುತ್ತವೆ, ಸ್ನಾನದ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿಯ ಹಾಗೆಯೇ. ಅದರ ಮೇಲೆಯೇ ವ್ಯಾಕ್ಸ್ ಹಚ್ಚಿದರೆ ಎರಡು ತಿಂಗಳು ಮರೆಯಾಗಿ ಮತ್ತೆ ಮೇಲೇಳುತ್ತದೆ. ವ್ಯಾಕ್ಸ್ ಕರಗಿಸುವ ಯಾವ ದ್ರಾವಕಕ್ಕೂ ಇದು ಜಗ್ಗುವುದಿಲ್ಲ.

ಮೂರನೆಯದು ಒಟ್ಟಾರೆ ಮಬ್ಬು. ಅದು ಹೆಚ್ಚಾಗಿ ಬಣ್ಣದ್ದೇ ಸವೆತ. ಎರೆ ಹೊಲದ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ, ಅವು ಕಾರಿನ ಮೇಲ್ಪದರಕ್ಕಿಂತ ಬಹಳ ಗಟ್ಟಿ. ಮನಗೂಳಿ ದಾರಿಯಲ್ಲಿ ಬಂದು ಒಣ ಬಟ್ಟೆಯಿಂದ ಝಾಡಿಸಿದಾಗಲೆಲ್ಲ ನೂರಾರು ಕೂದಲುಗೀರು ಬೀಳುತ್ತವೆ. ದೂರದಿಂದ ನೋಡಿದರೆ ಅವೆಲ್ಲ ಸೇರಿ ಮಬ್ಬಾಗಿ ಕಾಣುತ್ತವೆ.

ಯಾವುದು ಎಲ್ಲಿದೆ ಎಂದು ತಿಳಿಯಲು ಅರ್ಧ ಗಂಟೆಯ ಪರೀಕ್ಷೆ ಸಾಕು. ಬೆಳಿಗ್ಗೆ ಏಳು ಗಂಟೆಯೊಳಗೆ, ನೆರಳಲ್ಲಿ, ತಗಡು ಕೈಗೆ ತಣ್ಣಗಿರುವಾಗ ಮಾಡಿ. ಬಾನೆಟ್ಟಿನ ಒಂದು ಮೂಲೆಯನ್ನು ತೊಳೆದು ಒರೆಸಿ, ಕಲೆ ಇರುವ ಕಡೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪಿನಿಂದ ಗೇಣುದ್ದದ ಎರಡು ಚೌಕ ಮಾಡಿ. ಮೊದಲ ಚೌಕವನ್ನು ಮಿನರಲ್ ಟರ್ಪೆಂಟೈನ್ (ಎಣ್ಣೆಬಣ್ಣಕ್ಕೆ ಬೆರೆಸುವ, ಥಿನ್ನರಿಗಿಂತ ಸೌಮ್ಯವಾದ ದ್ರಾವಕ) ತುಸು ತಾಗಿಸಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ಎರಡನೆಯದಕ್ಕೆ ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಸಮ ಬೆರೆಸಿ, ತೊಯ್ದ ಬಟ್ಟೆಯನ್ನು ಒಂದು ನಿಮಿಷ ಇಟ್ಟು ತೊಳೆಯಿರಿ. ಟೇಪ್ ಕಿತ್ತು ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಮೊದಲ ಚೌಕ ತಿಳಿಯಾಗಿದ್ದರೆ ಅದು ವ್ಯಾಕ್ಸ್ ಅಥವಾ ಜಿಡ್ಡು. ಎರಡನೆಯದು ತಿಳಿಯಾಗಿದ್ದರೆ ನೀರಿನ ಲವಣ. ಎರಡರಲ್ಲೂ ವ್ಯತ್ಯಾಸವಿಲ್ಲದೆ, ಟಾರ್ಚಿನ ಬೆಳಕಿನ ಸುತ್ತ ಜೇಡರ ಬಲೆಯಂತೆ ಗೀರುಗಳು ಕಂಡರೆ ಮೇಲ್ಪದರವೇ ಸವೆದಿದೆ. ನಿಮ್ಮ ವಿವರಣೆ ಓದಿದರೆ ಎರಡನೆಯದೂ ಮೂರನೆಯದೂ ಸೇರಿರುವಂತಿದೆ.

ನೀರು ಹಾಕಿದಾಗ ಮುತ್ತಿನಂತೆ ಹನಿಗಟ್ಟಿದರೆ ವ್ಯಾಕ್ಸ್ ಇದೆ ಅಂತ ಲೆಕ್ಕ ಹಾಕುವವರು ಬಹಳ. ಡೀಸೆಲ್ ಒರೆಸಿದ ತಗಡಿನ ಮೇಲೂ ನೀರು ಹಾಗೇ ಹನಿಗಟ್ಟುತ್ತದೆ. ಆ ಪರೀಕ್ಷೆಯನ್ನು ನೆಚ್ಚಬೇಡಿ.

ಈಗ ನಿಮಗೆ ಬಂದ ಸಲಹೆಗಳು. ಚಿಮಣಿ ಎಣ್ಣೆ ವ್ಯಾಕ್ಸನ್ನು ಕರಗಿಸುತ್ತದೆ, ಅದು ಸುಳ್ಳಲ್ಲ. ಆದರೆ ತಾನು ಪೂರ್ತಿ ಹಾರಿಹೋಗದೆ ತೆಳ್ಳನೆಯ ಎಣ್ಣೆಪಸೆ ಬಿಡುತ್ತದೆ. ಆ ಪಸೆ ಗೀರುಗಳನ್ನು ತುಂಬುವುದರಿಂದ ಕಾರು ಆ ಸಂಜೆ ಹೊಸದರಂತೆ ಕಾಣುತ್ತದೆ. ಮರುದಿನ ಬಾಗೇವಾಡಿಗೆ ಹೋಗಿಬಂದರೆ ಅದೇ ಪಸೆಗೆ ಧೂಳು ಅಂಟಿರುತ್ತದೆ, ಒರೆಸಿದರೆ ಹೊಸ ಗೀರು. ಕಿಟಕಿಯ ರಬ್ಬರ್ ಬೀಡಿಂಗ್‌ಗೆ ತಾಗಿದರೆ ರಬ್ಬರ್ ಉಬ್ಬಿ ಸಡಿಲಾಗುತ್ತದೆ. ಸರ್ವಿಸಿಂಗ್ ಮುಗಿದ ಮೇಲೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವುದೂ ಇದೇ ಸಾಲಿಗೆ ಸೇರುತ್ತದೆ, ಬೇಡ ಎಂದು ಮೊದಲೇ ಹೇಳಿಬಿಡಿ.

ಥಿನ್ನರ್ ಮಾತೇ ಬೇರೆ. ಅದರಲ್ಲಿ ಟಾಲ್ವೀನ್, ಅಸಿಟೋನಿನ ಜಾತಿಯ ಬಿರುಸು ದ್ರಾವಕಗಳಿರುತ್ತವೆ. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿಮಾಡಿದ ಬಣ್ಣ ಒಂದೆರಡು ಒರೆತ ತಡೆದೀತು. ನಿಮ್ಮ ಎಡಗಡೆ ಬಾಗಿಲಿನ ಬಣ್ಣ ಗ್ಯಾರೇಜಿನಲ್ಲಿ ಹೊಡೆದದ್ದು. ಬಣ್ಣ ಗಟ್ಟಿಯಾಗಲು ಹಾಕುವ ಹಾರ್ಡ್‌ನರ್ ಸರಿಯಾಗಿ ಬೆರೆಸಿರದಿದ್ದರೆ ಒಂದೇ ಒರೆತಕ್ಕೆ ಮೆತ್ತಗಾಗಿ ನೀಲಿ ಬಣ್ಣವೇ ಬಟ್ಟೆಗೆ ಬರುತ್ತದೆ. ಬಂಪರಿನ ಪ್ಲಾಸ್ಟಿಕ್ ಸುಕ್ಕಾಗುತ್ತದೆ, ಹೆಡ್‌ಲೈಟಿನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಇದಕ್ಕೆ ರಿಪೇರಿ ಇಲ್ಲ. ಪೆಟ್ರೋಲಿಗೂ ಇದೇ ಮಾತು, ಜೊತೆಗೆ ಬೆಂಕಿಯ ಭಯ.

ಪಾತ್ರೆ ತೊಳೆಯುವ ಲಿಕ್ವಿಡ್ ವ್ಯಾಕ್ಸನ್ನು ಪೂರ್ತಿ ತೆಗೆಯುವುದಿಲ್ಲ, ಮೇಲಿನ ಜಿಡ್ಡನ್ನಷ್ಟೇ ತೆಗೆಯುತ್ತದೆ. ಒಮ್ಮೆ ಬಳಸಿದರೆ ಅನಾಹುತವೇನಿಲ್ಲ, ರೂಢಿ ಮಾಡಿದರೆ ರಬ್ಬರ್ ಒಣಗುತ್ತದೆ. ಆದರೆ ಪಾತ್ರೆ ತೊಳೆಯುವ ಬಾರ್, ಪುಡಿ, ಟೂತ್‌ಪೇಸ್ಟ್ ಎಲ್ಲದರಲ್ಲೂ ಉಜ್ಜುಪುಡಿ ಇರುತ್ತದೆ. ಬಟ್ಟೆ ತೊಳೆಯುವ ಪುಡಿ, ವಾಷಿಂಗ್ ಸೋಡಾ ಬಲವಾದ ಕ್ಷಾರ. ಇವು ಕಾರಿನ ಹತ್ತಿರ ಬರಬಾರದು.

ಇನ್ನು ಕೆಲಸದ ಕ್ರಮ. ಬೇಕಾಗುವುದು ಇಷ್ಟು: ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಎಂದು ಬರೆದಿರುವ ಕಾರ್ ಶಾಂಪೂ, ಎರಡು ಬಕೆಟ್, 300ರಿಂದ 400 ಜಿಎಸ್‌ಎಂನ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಆರೆಂಟು ಮೈಕ್ರೋಫೈಬರ್ ಬಟ್ಟೆ, ಔಷಧಿ ಅಂಗಡಿಯ 70 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಬಿಳಿ ವಿನೆಗರ್, ಕಾಲು ಲೀಟರ್ ಮಿನರಲ್ ಟರ್ಪೆಂಟೈನ್, ಆಲ್-ಪರ್ಪಸ್ ಕ್ಲೀನರ್, ಮಾಸ್ಕಿಂಗ್ ಟೇಪ್, ಕೈಗವಸು, ಒಂದಿಂಚಿನ ಪೇಂಟ್ ಬ್ರಷ್. ಟರ್ಪೆಂಟೈನ್ ಲೂಸ್ ತಂದರೆ ಒಂದು ಹನಿಯನ್ನು ಹಳೆ ಕನ್ನಡಿಯ ಮೇಲೆ ಬಿಟ್ಟು, ಪೂರ್ತಿ ಆರಿದ ಮೇಲೆ ನೋಡಿ. ಜಿಡ್ಡಿನ ಗುರುತು ಉಳಿದರೆ ಅದರಲ್ಲಿ ಚಿಮಣಿ ಎಣ್ಣೆಯಂಥದ್ದು ಬೆರೆತಿರಬಹುದು, ವಾಪಸ್ ಕೊಡಿ. ಗ್ಯಾರೇಜಿನಲ್ಲಿ ಬಳಸುವ ಬನಿಯನ್ ವೇಸ್ಟ್ ಬೇಡ; ಅದರ ಹೊಲಿಗೆಯ ದಾರವೇ ಗೀರುತ್ತದೆ.

ಮೊದಲು ಬರೀ ನೀರು, ಮೇಲಿನಿಂದ ಕೆಳಕ್ಕೆ, ಧೂಳೆಲ್ಲ ಹರಿದುಹೋಗುವ ತನಕ. ಈ ಹಂತದಲ್ಲಿ ಕೈ, ಬಟ್ಟೆ ಯಾವುದೂ ತಾಗಬಾರದು. ಪ್ರೆಷರ್ ಪೈಪ್ ಇದ್ದರೆ ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ. ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಮೇಲೆಯೇ ಶಾಂಪೂಗೆ. ತೊಳೆದ ಕೂಡಲೇ ಒರೆಸಿ, ಬೋರ್ ನೀರು ತಾನಾಗಿ ಆರಲು ಬಿಡಬೇಡಿ.

ಎರಡನೆಯದು ನೀರಿನ ಕಲೆ. ವಿನೆಗರ್ ಮಿಶ್ರಣವನ್ನು ಒಂದು ಸಲಕ್ಕೆ ಒಂದು ಭಾಗಕ್ಕೆ ಮಾತ್ರ ಹಚ್ಚಿ, ಒಂದು ನಿಮಿಷ ಬಿಟ್ಟು, ಧಾರಾಳ ನೀರು ಹಾಕಿ ತೊಳೆಯಿರಿ. ಹಳೆಯ ಕಲೆಗೆ ಮೂರು ಸಲದ ತನಕ ಮಾಡಬಹುದು. ಅದರಾಚೆಗೂ ಉಳಿದರೆ ಲವಣ ಬಿಸಿಲಿಗೆ ಮೇಲ್ಪದರವನ್ನೇ ತಿಂದು ಗುಳಿ ಮಾಡಿದೆ ಎಂದರ್ಥ. ಇನ್ನೂ ಹೊತ್ತು ಬಿಟ್ಟರೆ, ಇನ್ನೂ ಗಟ್ಟಿ ಹಾಕಿದರೆ ಹೋದೀತು ಎಂದುಕೊಳ್ಳಬೇಡಿ. ಕಲ್ಲು ಬಡಿದು ಬಣ್ಣ ಹಾರಿ ತಗಡು ಕಾಣುವಲ್ಲಿ ವಿನೆಗರ್ ಬೇಡ, ತುಕ್ಕು ಹಿಡಿಯುತ್ತದೆ.

ಮೂರನೆಯದು ವ್ಯಾಕ್ಸ್. ಕಾರು ಪೂರ್ತಿ ಒಣಗಿರಬೇಕು. ಟರ್ಪೆಂಟೈನನ್ನು ಬಾನೆಟ್ ಮೇಲೆ ಸುರಿಯದೆ ಬಟ್ಟೆಗೆ ತಾಗಿಸಿ. ಹಿಂಡಿದರೆ ಹನಿ ಬೀಳಬಾರದು, ಅಷ್ಟೇ ತೇವ. ಎರಡಡಿ ಚದರ ಜಾಗ ತೆಗೆದುಕೊಂಡು ಒತ್ತದೆ, ಒಂದೇ ದಿಕ್ಕಿಗೆ ಮೂರ್ನಾಲ್ಕು ಸಲ ಒರೆಸಿ, ಅದು ಆರುವ ಮುಂಚೆ ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಆರಲು ಬಿಟ್ಟರೆ ಕರಗಿದ ವ್ಯಾಕ್ಸ್ ಅಲ್ಲೇ ಮತ್ತೆ ಕೂರುತ್ತದೆ, ಬಹಳ ಜನ ಎಡವುವುದು ಇಲ್ಲಿಯೇ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ, ಎರಡು ಜಾಗಕ್ಕೊಮ್ಮೆ ಮುಖ ಬದಲಿಸಿ. ಹ್ಯಾಚ್‌ಬ್ಯಾಕಿಗೆ ಒಟ್ಟು 100ರಿಂದ 150 ಮಿಲಿ ಸಾಕು, ಬಾಗಿಲ ಕೆಳಗಿನ ಡಾಂಬರಿನ ಚುಕ್ಕೆಗಳೂ ಇದರಲ್ಲೇ ಹೋಗುತ್ತವೆ. ಬೀಡಿಂಗ್, ಸ್ಟಿಕ್ಕರ್, ಹೆಡ್‌ಲೈಟ್, ಬಂಪರಿನ ಬಣ್ಣವಿಲ್ಲದ ಪ್ಲಾಸ್ಟಿಕ್ ಇವಕ್ಕೆ ಟೇಪ್ ಹಚ್ಚಿ ಬಿಡಿ. ಈ ದ್ರಾವಕದ ಆವಿ 30, 40 ಡಿಗ್ರಿಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನ ನೆರಳಲ್ಲೂ ಅದು ಸಿದ್ಧವಾಗಿಯೇ ಇರುತ್ತದೆ. ಬಯಲಲ್ಲಿ ಮಾಡಿ, ಕೈಗವಸು ಹಾಕಿ, ತೊಯ್ದ ಬಟ್ಟೆಗಳನ್ನು ಹರವಿ ಒಣಗಿಸಿ. ಡಿಕ್ಕಿಯಲ್ಲಿ ತುರುಕಬೇಡಿ.

ಟರ್ಪೆಂಟೈನಿನ ಪಸೆ ಉಳಿಯದಂತೆ ಕೊನೆಗೆ ಆಲ್ಕೋಹಾಲ್ ಒರೆತ. 70 ಪ್ರತಿಶತದ ಬಾಟಲಿಯಿಂದ 250 ಮಿಲಿಗೆ 750 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಸುಮಾರು 17 ಪ್ರತಿಶತವಾಗುತ್ತದೆ, ಅಷ್ಟು ಸಾಕು. ನೇರ ಬಾಟಲಿಯದನ್ನೇ ಹಾಕಿದರೆ ಮೇಲ್ಪದರ ತಾತ್ಕಾಲಿಕವಾಗಿ ಉಬ್ಬಿ ಮೆತ್ತಗಾಗುತ್ತದೆ, ಆಗ ಬಟ್ಟೆಯೇ ಗೀರು ಹಾಕುತ್ತದೆ. ಬರೀ ಆಲ್ಕೋಹಾಲಿನಿಂದಲೇ ವ್ಯಾಕ್ಸ್ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಅದು ಪಾಲಿಶಿನ ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ, ಕಾರ್ನೌಬಾವನ್ನು ಅಷ್ಟಾಗಿ ಕರಗಿಸದು.

ಎಡಗಡೆ ಬಾಗಿಲಿಗೆ ಟರ್ಪೆಂಟೈನ್ ಬೇಡ. ಮೊದಲು ಬಾಗಿಲು ತೆರೆದು ಒಳ ಅಂಚಿನ ಬಣ್ಣದ ಮೇಲೆ ಈ ತೆಳು ಆಲ್ಕೋಹಾಲ್ ತಾಗಿಸಿ ನೋಡಿ. ಬಟ್ಟೆಗೆ ನೀಲಿ ಬಾರದಿದ್ದರೆ, ಹೊಳಪು ಕುಂದದಿದ್ದರೆ ಹೊರಗೂ ಅದರಲ್ಲೇ ಒರೆಸಿ, ನಿಲ್ಲಿಸಿ.

ಸಂದಿಯ ಬಿಳಿ ಪುಡಿ ನಿಧಾನದ ಕೆಲಸ. ಒಣ ಪುಡಿಯನ್ನು ಕೆರೆಯಬಾರದು, ಅದು ಉಜ್ಜುಪುಡಿಯೇ ಅಲ್ಲವೇ. ಬಾಟಲಿಯ ಮೇಲೆ ಬೇರೆ ಅಳತೆ ಬರೆದಿರದಿದ್ದರೆ ಆಲ್-ಪರ್ಪಸ್ ಕ್ಲೀನರ್ ಒಂದು ಪಾಲಿಗೆ ಹತ್ತು ಪಾಲು ನೀರು ಸೇರಿಸಿ ಹಚ್ಚಿ, ಎರಡು ನಿಮಿಷ ನೆನೆಯಲು ಬಿಡಿ. ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್ ತೆಗೆದುಕೊಂಡು, ಅದರ ತಗಡಿನ ಪಟ್ಟಿಗೆ ಟೇಪ್ ಸುತ್ತಿ, ಲೋಗೋದ ಒಂದೊಂದು ಅಕ್ಷರದ ಸುತ್ತ ಕೂದಲಿನ ತುದಿಯನ್ನಷ್ಟೇ ಆಡಿಸಿ. ನೊರೆ ಮೊದಲು ಹಾಲಿನಂತೆ ಬರುತ್ತದೆ, ತೊಳೆದು ಮತ್ತೆ ಹಚ್ಚಿ. ಎರಡನೇ ಸುತ್ತಿಗೆ ಬೂದುಬಣ್ಣ, ಮೂರನೆಯದಕ್ಕೆ ತಿಳಿಯಾಗುತ್ತದೆ. ಬಾಗಿಲ ಸಂದಿಗೆ ಐಸ್‌ಕ್ರೀಂ ಕಡ್ಡಿಗೆ ಮೈಕ್ರೋಫೈಬರ್ ಸುತ್ತಿ ಎಳೆಯಿರಿ. ಚಾಕು, ಸ್ಕ್ರೂಡ್ರೈವರ್ ಮುಟ್ಟಬೇಡಿ. ತರಿತರಿ ಕರಿ ಪ್ಲಾಸ್ಟಿಕ್ಕಿನ ಗುಂಡಿಗಳಲ್ಲಿ ಕೂತದ್ದು ಬ್ರಷ್ಷಿಗೂ ಬರದಿದ್ದರೆ ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಅದು ಎತ್ತಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಕಪ್ಪು ಮಾಡುವುದು ಎರಡು ದಿನದ ಆಟ. ಮೂರನೇ ದಿನ ಅಲ್ಲಿ ಧೂಳಿನ ಲೇಪ ಇರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ನಿಮಗೊಂದು ಆಘಾತ ಕಾದಿದೆ, ಈಗಲೇ ಹೇಳುವುದು ವಾಸಿ. ಕಾರು ಮೊದಲಿಗಿಂತ ಹೆಚ್ಚು ಗೀರಿದಂತೆ ಕಾಣುತ್ತದೆ. ಆ ಗೀರುಗಳನ್ನು ನೀವು ಈಗ ಹಾಕಿದ್ದಲ್ಲ. ಅಳಿದುಳಿದ ವ್ಯಾಕ್ಸಿನ ಎಣ್ಣೆ, ಜಿಡ್ಡು ಅವುಗಳನ್ನು ತುಂಬಿ ಮುಚ್ಚಿತ್ತು, ಮುಚ್ಚಿಗೆ ತೆಗೆದಿದ್ದೀರಿ.

ಬಫಿಂಗ್ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ಈಗ, ಮೊದಲಲ್ಲ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್, ಅಂದರೆ ನಾನು ಮೇಲ್ಪದರ ಎಂದ ಬಣ್ಣವಿಲ್ಲದ ಪದರ, 35ರಿಂದ 50 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಿಸಿಲಿನಿಂದ ನೀಲಿಯನ್ನು ಕಾಯುವುದು ಅದೇ. ಫಿನಿಶಿಂಗ್ ಪಾಲಿಶ್ ಒಂದು ಸುತ್ತಿಗೆ ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ ತೆಗೆಯುತ್ತದೆ. ರಬ್ಬಿಂಗ್ ಕಂಪೌಂಡ್ ಹಾಕಿ ಉಣ್ಣೆಯ ಪ್ಯಾಡಿನ ರೋಟರಿ ಮಷಿನ್ ಒತ್ತಿದರೆ ಅದರ ಹಲವು ಪಟ್ಟು. ಬಾನೆಟ್ಟಿನ ಅಂಚು, ಬಾಗಿಲಿನ ಗೆರೆಗಳ ಮೇಲೆ ಬಣ್ಣ ಮೊದಲೇ ತೆಳು, ಅಲ್ಲಿ ಕೆಲವೇ ಸೆಕೆಂಡು ನಿಂತರೂ ಅಡಿಯ ಪ್ರೈಮರ್ ಪದರ ಕಾಣುತ್ತದೆ. ಆದ್ದರಿಂದ ಮಾಡಿಸುವುದಾದರೆ ಪೇಂಟ್ ದಪ್ಪ ಅಳೆಯುವ ಮೀಟರ್ ಇರುವವರ ಹತ್ತಿರ ಮಾತ್ರ ಮಾಡಿಸಿ, ಪ್ರತಿ ಭಾಗದ ಅಳತೆ ಬರೆಸಿಕೊಳ್ಳಿ. 90ಕ್ಕಿಂತ ಕಡಿಮೆ ತೋರಿಸುವ ಜಾಗವನ್ನು ಮುಟ್ಟಿಸಬೇಡಿ. ಎಡಗಡೆ ಬಾಗಿಲು 200 ದಾಟಬಹುದು, ಅದು ಮರುಪೇಂಟಿನ ದಪ್ಪ. ಹಾಗೆಂದು ಅಲ್ಲಿ ಕ್ಲಿಯರ್ ಕೋಟ್ ಹೆಚ್ಚಿದೆ ಎಂದರ್ಥವಲ್ಲ. ಒಂದೇ ಸಮನೆ ಸುತ್ತುವ ರೋಟರಿ ಬದಲು, ಸುತ್ತುತ್ತಲೇ ಅತ್ತಿತ್ತ ಆಡುವ ಡ್ಯುಯಲ್ ಆಕ್ಷನ್ ಮಷಿನ್, ಮೆತ್ತನೆ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಎಂದು ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ದಿನವೂ ಧೂಳಿನಲ್ಲಿ ಓಡುವ ಕಾರಿಗೆ ಬಾನೆಟ್ ಮತ್ತು ಟಾಪ್ ಎರಡಕ್ಕೆ ಒಂದು ಹಗುರ ಸುತ್ತು ಸಾಕು. ಟಾರ್ಚ್ ಹಿಡಿದಾಗ ಮಾತ್ರ ಕಾಣುವ ಗೀರಿಗಾಗಿ ಮೈಕ್ರಾನ್ ಖರ್ಚು ಮಾಡಬಾರದು.

ಮುಂದೆ ಹಚ್ಚುವುದು ಏನನ್ನು? ನಮ್ಮ ಬಿಸಿಲಿಗೆ ಕಾರ್ನೌಬಾಕ್ಕಿಂತ ಪಾಲಿಮರ್ ಸೀಲೆಂಟ್ (ವ್ಯಾಕ್ಸಿನಂತೆಯೇ ಹಚ್ಚುವ ಕೃತಕ ಲೇಪ) ಹೆಚ್ಚು ಬಾಳುತ್ತದೆ, ನಾಲ್ಕರಿಂದ ಆರು ತಿಂಗಳು. ಶಿವರಾತ್ರಿಯ ಹೊತ್ತಿಗೆ ಒಮ್ಮೆ, ಖಂಡೇಪೂಜೆಗೆ ಒಮ್ಮೆ. ಉಜ್ಜುಪುಡಿ ಇಲ್ಲದ್ದನ್ನೇ ಕೇಳಿ, ಕರಿ ಪ್ಲಾಸ್ಟಿಕ್ಕಿಗೆ ಟೇಪ್ ಹಚ್ಚಿಯೇ ಶುರುಮಾಡಿ. ಇಡೀ ಕಾರಿಗೆ 15, 20 ಮಿಲಿ ಸಾಕು. ದಪ್ಪ ಹಚ್ಚಿದಷ್ಟೂ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ, ಸಂದಿಗೆ ಸೇರುವುದೂ ಹೆಚ್ಚುತ್ತದೆ. ಮನೆಯ ಆರ್‌ಒ ಯಂತ್ರದಿಂದ ಹೊರಬರುವ ವೇಸ್ಟ್ ನೀರನ್ನು ಕಾರಿಗೆ ಬಳಸುವವರಿದ್ದಾರೆ. ಬೋರ್ ನೀರಿನ ಲವಣವೆಲ್ಲ ಅದರಲ್ಲೇ ಒಟ್ಟುಗೂಡಿರುತ್ತದೆ. ಅದು ನೆಲ ಒರೆಸಲು ಇರಲಿ. ಕುಡಿಯುವ ಆರ್‌ಒ ನೀರು ಎರಡು ಲೀಟರ್ ಉಳಿಸಿಕೊಂಡು ಕೊನೆಯ ಜಾಲಾಡಿಕೆಗೆ ಬಾನೆಟ್, ಟಾಪ್ ಮೇಲೆ ಹಾಕಿದರೆ ದುಂಡನೆಯ ಕಲೆ ಮತ್ತೆ ಹುಟ್ಟುವುದಿಲ್ಲ.

ಪೂಜೆಯ ದಿನ ಬಾನೆಟ್ಟಿಗೆ ಹಚ್ಚಿದ ಕುಂಕುಮವನ್ನು ವಾರಗಟ್ಟಲೆ ಬಿಡಬೇಡಿ. ಮರುದಿನ ಬೆಳಿಗ್ಗೆ ನೀರು ಹರಿಸಿ ನೆನೆಸಿ, ಶಾಂಪೂ ಬಟ್ಟೆಯಿಂದ ಎತ್ತಿಕೊಳ್ಳಿ, ಒಣಗಿದ್ದನ್ನು ಉಗುರಿನಿಂದ ಕೆರೆಯಬೇಡಿ. ಅರಿಷಿಣದ ಹಳದಿ ಉಳಿದರೆ ಉಜ್ಜಲು ಹೋಗಬೇಡಿ, ಕೆಲವು ದಿನ ಬಿಸಿಲು ಬಿದ್ದರೆ ಅದು ತಾನೇ ಮಾಸುತ್ತದೆ.